ಹೊಸ ತಲೆಮಾರಿನ ಗೇಮ್ ಕನ್ಸೋಲ್ ಆಟಗಾರರಿಗೆ ನಿಜಕ್ಕೂ ಬೇಕಾಗಿದೆಯೇ?

ಬಹುಪಾಲು ಆಟಗಾರರಿಗೆ ಅಂತಹ ಆತುರವಿಲ್ಲ ಎಂಬುದು ನನ್ನ ಅಭಿಪ್ರಾಯ. ಅವರಿಗೆ ಬೇಕಿರುವುದು ಹೊಸ ಯಂತ್ರಕ್ಕಿಂತ ಹೊಸ ಆಟಗಳು. ದೊಡ್ಡ ಆಟವೊಂದನ್ನು ಸಿದ್ಧಪಡಿಸಲು ಹಲವು ವರ್ಷಗಳೂ ಅಪಾರ ಹಣವೂ ಬೇಕಾಗುವುದರಿಂದ, ಆ ವೆಚ್ಚವನ್ನು ಮರಳಿ ಪಡೆಯಲು ತಯಾರಕರು ಈಗಾಗಲೇ ಹೆಚ್ಚು ಮನೆಗಳಲ್ಲಿರುವ ಹಳೆಯ ಕನ್ಸೋಲ್‌ಗೂ ಹೊಂದುವಂತೆ ಆಟವನ್ನು ರೂಪಿಸುತ್ತಾರೆ. ಸೋನಿ ಕಂಪನಿಯ ಕನ್ಸೋಲ್ ಪ್ಲೇಸ್ಟೇಷನ್ 5 ಬಂದದ್ದು 2020ರ ನವೆಂಬರ್‌ನಲ್ಲಿ. ಆದರೂ 2022ರ ಗಾಡ್ ಆಫ್ ವಾರ್ ರ‍್ಯಾಗ್ನರಾಕ್ ಎಂಬ ಆಟ 2013ರ ಪ್ಲೇಸ್ಟೇಷನ್ 4ಕ್ಕೂ ಬಿಡುಗಡೆಯಾಯಿತು. ಹೀಗಾಗಿ ಹೊಸ ಯಂತ್ರದ ಸಾಮರ್ಥ್ಯ ಬಹುಕಾಲ ಪೂರ್ತಿಯಾಗಿ ಬಳಕೆಗೆ ಬರುವುದೇ ಇಲ್ಲ.

ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಕೈಕೊಡುವ ನಮ್ಮ ಕೊಡಗಿನಲ್ಲಿ ನೂರು ಜಿಬಿಯ ಆಟವನ್ನು ಡೌನ್‌ಲೋಡ್ ಮಾಡಿಕೊಳ್ಳುವುದೇ ಕಷ್ಟ. ಆದ್ದರಿಂದ ಮಡಿಕೇರಿ, ವಿರಾಜಪೇಟೆಯ ಆಟಗಾರರು ಮುಂದಿನ ಕನ್ಸೋಲ್‌ನಲ್ಲಿ ಚಿತ್ರದ ಸ್ಪಷ್ಟತೆಗಿಂತ ಮೊದಲು ವಿಚಾರಿಸಬೇಕಾದದ್ದು ಆಟವನ್ನು ಡಿಸ್ಕ್‌ನಿಂದಲೇ ಹಾಕಿಕೊಳ್ಳಲು ಡಿಸ್ಕ್ ಡ್ರೈವ್ ಇದೆಯೇ ಎಂಬುದನ್ನು.