ಪೆರೊವ್‌ಸ್ಕೈಟ್ ಪದರದೊಳಗಿನ ಎಳೆತ

ಪ್ರಶ್ನೆ: ಸೌರಕೋಶಕ್ಕಾಗಿ ಗಾಜಿನ ಮೇಲೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿದ ಮೀಥೈಲಮೋನಿಯಂ ಲೆಡ್ ಅಯೋಡೈಡ್ (ಬೆಳಕು ಹೀರುವ ಪೆರೊವ್‌ಸ್ಕೈಟ್ ಹರಳುಗಳಲ್ಲೊಂದು) ಪದರ ಬೆಳಕಿನಲ್ಲಿ ಬೇಗ ಹಳದಿಯಾಗುತ್ತಿದೆ. ನಿಧಾನವಾಗಿ ತಣಿಸಿದರೆ ಸರಿಹೋದೀತೇ?

ಉತ್ತರ: ಅಷ್ಟರಿಂದಲೇ ಹೋಗದು. ಮೊದಲು ತೇವ ತಗುಲಿಲ್ಲವೆಂದು ಖಚಿತಪಡಿಸಿಕೊಳ್ಳಿ; ತೇವವೂ ಪದರವನ್ನು ಒಡೆದು, ಈ ಹಳದಿ ಬಣ್ಣಕ್ಕೆ ಕಾರಣವಾದ ಲೆಡ್ ಅಯೋಡೈಡನ್ನು ಉಳಿಸುತ್ತದೆ. ತಣಿಯುವಾಗ ಪದರ ಗಾಜಿಗಿಂತ ಹಲವು ಪಟ್ಟು ಕುಗ್ಗಬಯಸುತ್ತದೆ, ಗಾಜು ಬಿಡುವುದಿಲ್ಲ. ನಿಧಾನವಾಗಿ ತಣಿಸಿದರೂ 25 ಡಿಗ್ರಿಗೆ ಇಳಿಯುವಷ್ಟರಲ್ಲಿ ಪದರದಲ್ಲಿ ಸುಮಾರು ಶೇ. 0.3ರಷ್ಟು ಎಳೆತ (ಸಹಜ ಉದ್ದಕ್ಕಿಂತ ಹಿಗ್ಗಿರುವ ಪ್ರಮಾಣ) ಉಳಿಯುತ್ತದೆ. ಹಿಗ್ಗಿದ ಹರಳಿನಲ್ಲಿ ಅಯಾನುಗಳು ಸಲೀಸಾಗಿ ಜರುಗುತ್ತವೆ, ಪದರ ಕೆಡುತ್ತದೆ. ಕಾಯಿಸುವ ಉಷ್ಣತೆ ಇಳಿಸಿ, ಇಲ್ಲವೇ ಬಿಸಿಗೆ ಹೆಚ್ಚು ಹಿಗ್ಗಿ, ತಣಿದಾಗ ಪದರದೊಂದಿಗೇ ಕುಗ್ಗುವ ಪ್ಲಾಸ್ಟಿಕ್ ತಳ ಬಳಸಿ. ಮಾದರಿಯನ್ನು ಹಂತಹಂತವಾಗಿ ಓರೆಮಾಡಿ ಎಕ್ಸ್-ಕಿರಣ ಹಾಯಿಸಿದರೆ, ಹರಳಿನಿಂದ ಚದುರಿದ ಕಿರಣದ ತೀವ್ರತೆಯ ಶಿಖರ ಎಷ್ಟು ಸರಿಯಿತು ಎಂಬುದೇ ಎಳೆತದ ಅಳತೆ.

ಎಳೆತ ಸದಾ ಶತ್ರುವಲ್ಲ: ಸೀಸಿಯಂ ಲೆಡ್ ಅಯೋಡೈಡ್ ಎಂಬ ಇನ್ನೊಂದು ಪೆರೊವ್‌ಸ್ಕೈಟನ್ನು 330 ಡಿಗ್ರಿಯಿಂದ ಥಟ್ಟನೆ ತಣಿಸಿದಾಗ, ಸೌರಕೋಶಕ್ಕೆ ಬೇಕಾದ, ಬೆಳಕು ಹೀರುವ ಕಪ್ಪು ರೂಪವನ್ನು ಹಿಡಿದಿಡುವುದು ಗಾಜಿನ ಇದೇ ಬಿಗಿತ.