ಬಟ್ಟಿ ಎಲ್ಲಿಗೂ ಜಾರಿಲ್ಲ

ಈ ವಾರವೂ ಹೊಟ್ಟೆ ತಿಕ್ಕುವ ಬಗ್ಗೆಯೇ ಪ್ರಶ್ನೆಗಳು. ಹೊಕ್ಕಳ ಹತ್ತಿರದ ಮಿಡಿತಕ್ಕೆ ಊರಲ್ಲಿ ‘ಬಟ್ಟಿ’ ಅನ್ನುತ್ತಾರೆ; ಅದು ಜಾಗ ಬಿಟ್ಟು ಜಾರಿದರೆ ಹೊಟ್ಟೆ ಕೆಡುತ್ತದೆ ಅನ್ನುವುದು ನಂಬಿಕೆ. ಹಾಗೆ ಜಾರುವಂಥದ್ದು ಏನೂ ಇಲ್ಲ ಅಂತ ಹೊಟ್ಟೆ, ಕರುಳಿನ ಡಾಕ್ಟರಾಗಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

*ಪ್ರಶ್ನೆ: ಭಾರ ಎತ್ತಿ ಬಟ್ಟಿ ಜಾರಿತ್ತು. ಊರಲ್ಲಿ ಒಬ್ಬರ ಹತ್ತಿರ ಹೊಟ್ಟೆ ತಿಕ್ಕಿಸಿದೆ, ಹಗುರಾಯಿತು. ಡಾಕ್ಟರುಗಳು ಮಾತ್ರ ಬಟ್ಟಿ ಅನ್ನೋದೇ ಇಲ್ಲ ಅಂತೀರಿ. ಯಾಕೆ ಸರ್?*

ಯಾಕೆಂದರೆ ಇಲ್ಲ. ಹೊಕ್ಕಳ ಹತ್ತಿರ ಬೆರಳೊತ್ತಿದರೆ ಮಿಡಿಯುತ್ತದಲ್ಲ, ಅದು ಅಯೋರ್ಟಾ. ಹೃದಯದಿಂದ ಇಳಿದು ಬರುವ ದೊಡ್ಡ ರಕ್ತನಾಳ. ಬೆನ್ನುಮೂಳೆಗೆ ಅಂಟಿಕೊಂಡು, ನಡುವಿನಿಂದ ಸ್ವಲ್ಪ ಎಡಕ್ಕೆ ಇರುತ್ತದೆ. ಹೊಕ್ಕಳ ಮಟ್ಟದ ಆಸುಪಾಸಿನಲ್ಲಿ ಎರಡು ಕವಲಾಗುತ್ತದೆ. ಹಾಗಾಗಿ ಮಿಡಿತ ಹೊಕ್ಕಳಿಗಿಂತ ಮೇಲೆ, ಚೂರು ಎಡಕ್ಕೆ ಸಿಗುವುದೇ ಸರಿ. ಅದನ್ನೇ ತೋರಿಸಿ ‘ಜಾರಿದೆ’ ಅಂತ ಹೆದರಿಸುತ್ತಾರೆ. ದಾರ ಹಿಡಿದು ಅಳೆಯುತ್ತಾರೆ, ಹೊಕ್ಕಳ ಮೇಲೆ ದೀಪ ಇಟ್ಟು ಲೋಟ ಕವುಚುತ್ತಾರೆ.

ಆದರೆ ನಿಮಗೆ ಹಗುರಾಗಿದ್ದು ಸುಳ್ಳಲ್ಲ. ಹೊಟ್ಟೆ ನೀವಿದಾಗ ಕರುಳಲ್ಲಿ ಸಿಕ್ಕಿಕೊಂಡ ಗಾಳಿ ಮುಂದೆ ಸರಿಯುತ್ತದೆ. ಬಿಗಿದ ಸ್ನಾಯು ಸಡಿಲವಾಗುತ್ತದೆ. ಅಂಗಾತ ಮಲಗಿ ನಿಧಾನವಾಗಿ ಉಸಿರಾಡಿದರೆ ಮನಸ್ಸೂ ತಣ್ಣಗಾಗುತ್ತದೆ. ಪರೀಕ್ಷೆ ದಿನ ಹೊಟ್ಟೆ ಕೆಡುವುದು ಯಾರಿಗೆ ಗೊತ್ತಿಲ್ಲ? ತಲೆಗೂ ಕರುಳಿಗೂ ಅಷ್ಟು ಹತ್ತಿರದ ನಂಟು. ಜೊತೆಗೆ ಸಣ್ಣಪುಟ್ಟ ಹೊಟ್ಟೆನೋವು, ಭೇದಿ ಎರಡು ಮೂರು ದಿನದಲ್ಲಿ ತಾನಾಗಿಯೇ ಇಳಿಯುತ್ತವೆ. ಹೆಸರು ಮಾತ್ರ ತಿಕ್ಕಿದವರಿಗೆ.

ಮಲಬದ್ಧತೆಗೆ ಮಸಾಜ್ ನಾನೂ ಹೇಳುತ್ತೇನೆ. ಬಲಗಡೆ ಕೆಳಹೊಟ್ಟೆಯಿಂದ ಮೇಲಕ್ಕೆ, ಪಕ್ಕೆಲುಬಿನ ಕೆಳಗೆ ಅಡ್ಡಕ್ಕೆ, ಎಡಗಡೆ ಕೆಳಕ್ಕೆ. ದೊಡ್ಡಕರುಳು ಸಾಗುವ ದಾರಿಯೇ ಅದು. ದಿನಕ್ಕೆ 15 ನಿಮಿಷ, ನಿಮ್ಮ ಕೈಯಿಂದಲೇ, ನೋವಾಗದಷ್ಟು ಒತ್ತಡ. ಸ್ವೀಡನ್ನಿನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 8 ವಾರ ಹೀಗೆ ಮಸಾಜ್ ಮಾಡಿಸಿಕೊಂಡವರಿಗೆ ಹೊಟ್ಟೆಯ ತೊಂದರೆ ಕಡಿಮೆಯಾಯಿತು, ಮಲವಿಸರ್ಜನೆ ಜಾಸ್ತಿಯಾಯಿತು. ಮಲ ಸಡಿಲಿಸುವ ಮಾತ್ರೆಯ ಬಳಕೆ ಮಾತ್ರ ಕಡಿಮೆಯಾಗಲಿಲ್ಲ. ಅಂದರೆ ಮಾತ್ರೆಯ ಜೊತೆಗೆ, ಮಾತ್ರೆಯ ಬದಲಿಗಲ್ಲ. ಎರಡು ದಿನ ಮಾಡಿ ‘ಏನೂ ಆಗ್ಲಿಲ್ಲ ಸರ್’ ಅಂತ ಬರೆಯಬೇಡಿ.

ಗರ್ಭಿಣಿಯರು, ಹರ್ನಿಯಾ ಇರುವವರು, ಇತ್ತೀಚೆಗೆ ಹೊಟ್ಟೆ ಆಪರೇಷನ್ ಆದವರು ಮುಟ್ಟಲೇಬೇಡಿ. ಜ್ವರ, ವಾಂತಿ, ಮಲದಲ್ಲಿ ರಕ್ತ, ಬಲಗಡೆ ಕೆಳಗೆ ಜಾಸ್ತಿಯಾಗುತ್ತಿರುವ ನೋವು, ಇವುಗಳಲ್ಲಿ ಒಂದಿದ್ದರೂ ಎಣ್ಣೆ ಬಾಟಲಿ ಕೆಳಗಿಟ್ಟು ಆಸ್ಪತ್ರೆಗೆ ಹೋಗಿ. ಮೂರು ದಿನ ‘ಬಟ್ಟಿ’ ತಿಕ್ಕಿಸಿಕೊಂಡು ಒಬ್ಬ ಹುಡುಗ ನನ್ನಲ್ಲಿಗೆ ಬಂದಿದ್ದ. ಅಪೆಂಡಿಕ್ಸ್ ಒಡೆದು ಹೊಟ್ಟೆ ತುಂಬ ಕೀವು. ಬದುಕಿದ, ಪುಣ್ಯ. ಅವತ್ತಿನಿಂದ ಬಟ್ಟಿ ಅಂದರೆ ನನಗೆ ಸ್ವಲ್ಪ ಸಿಟ್ಟು ಜಾಸ್ತಿಯೇ.

*ಪ್ರಶ್ನೆ: ಮಸಾಜ್ ಮಾಡಿದರೆ ಹೊಟ್ಟೆಯ ಬೊಜ್ಜು ಕರಗುತ್ತಾ?*

ಇಲ್ಲ. ಕರಗುವುದು ದುಡ್ಡು.

*ಪ್ರಶ್ನೆ: ಸಂತೋಷದ ಹಾರ್ಮೋನು ಸೆರೊಟೋನಿನ್ ಕರುಳಲ್ಲೇ ಇದೆಯಂತೆ. ಹೊಟ್ಟೆ ತಿಕ್ಕಿದರೆ ಖಿನ್ನತೆ ಹೋಗುತ್ತಾ?*

ದೇಹದ ಸೆರೊಟೋನಿನ್ ಹೆಚ್ಚಿನಂಶ ಕರುಳಲ್ಲಿರುವುದು ನಿಜ. ಆದರೆ ಅದು ಮಿದುಳಿಗೆ ದಾಟುವುದಿಲ್ಲ. ಖಿನ್ನತೆಯ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.

*ಪ್ರಶ್ನೆ: ಮಗುವಿನ ಹೊಕ್ಕಳು ಉಬ್ಬಿದೆ. ತಿಕ್ಕಿ ಒಳಗೆ ತಳ್ಳಿ ನಾಣ್ಯ ಕಟ್ಟು ಅಂತಾರೆ ಅಜ್ಜಿ.*

ನಾಣ್ಯ ಹುಂಡಿಗೆ ಹಾಕಿ. ಮಕ್ಕಳ ಇಂಥ ಉಬ್ಬುಗಳಲ್ಲಿ ಹೆಚ್ಚಿನವು ನಾಲ್ಕೈದು ವರ್ಷದೊಳಗೆ ತಾವೇ ಮುಚ್ಚಿಕೊಳ್ಳುತ್ತವೆ. ಉಬ್ಬು ಗಟ್ಟಿಯಾಗಿ, ಒಳಗೆ ಹೋಗದೆ, ಮಗು ಅಳುತ್ತಿದ್ದರೆ ಮಾತ್ರ ತಕ್ಷಣ ಹೊರಡಿ, ರಾತ್ರಿಯಾದರೂ ಸರಿ.