ಪ್ಲಸ್ ಟು ಆದ ಮೇಲೆ ಏಷ್ಯನ್ ಸ್ಟಡೀಸ್ ಬಿಎ ಮಾಡಿದರೆ ಕೆಲಸ ಸಿಗುತ್ತದಾ?

ನಿಮ್ಮದು ಕಾಸರಗೋಡು, ಜಪಾನ್ ಮೇಲೆ ಆಸೆ, ಮನೆಯಲ್ಲಿ ‘ಅದನ್ನು ಓದಿ ಎಂತ ಮಾಡುದು?’ ಎಂಬ ಪ್ರಶ್ನೆ. ನಾನೂ ಇದೇ ದಾರಿಯಲ್ಲಿ ಬಂದವನು. ನೇರ ನನ್ನ ತಪ್ಪಿಗೇ ಬರುತ್ತೇನೆ.

ಮೂರನೇ ವರ್ಷದಲ್ಲಿ ಜಪಾನಿ ಭಾಷಾ ಪರೀಕ್ಷೆ ಜೆಎಲ್‌ಪಿಟಿಯ ಎನ್2 ಹಂತ ಬರೆದೆ. 180ಕ್ಕೆ 104 ಬಂತು. ಪಾಸಿಗೆ 90 ಸಾಕು, ಆದರೂ ಫೇಲ್. ಮೂರು ಭಾಗಗಳಲ್ಲಿ ಒಂದೊಂದರಲ್ಲೂ 60ಕ್ಕೆ ಕನಿಷ್ಠ 19 ಬರಬೇಕು. ಕೇಳಿ ಉತ್ತರಿಸುವ ಭಾಗದಲ್ಲಿ ನನಗೆ ಬಂದದ್ದು 17. ಶಬ್ದಗಳು ಗೊತ್ತಿದ್ದವು. ಆದರೆ ಕಲಿತದ್ದು ಇಂಗ್ಲಿಷ್ ಪುಸ್ತಕದಿಂದ, ಹಾಗಾಗಿ ಕೇಳಿದ್ದನ್ನೆಲ್ಲ ತಲೆಯೊಳಗೆ ಇಂಗ್ಲಿಷ್ ಮಾಡಿಕೊಳ್ಳುತ್ತಿದ್ದೆ. ಜಪಾನಿಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಅದಕ್ಕೆ ಕಾದು, ವಾಕ್ಯವನ್ನು ಬುಡಮೇಲು ಮಾಡಿ ಜೋಡಿಸುವಷ್ಟರಲ್ಲಿ ಮುಂದಿನ ಎರಡು ವಾಕ್ಯ ಹೋಗಿರುತ್ತಿತ್ತು. ಆಡಿಯೋ ಹಾಕುವುದು ಒಂದೇ ಸಲ. ಒಂದು ಕಂಪನಿ ಎನ್2 ಸರ್ಟಿಫಿಕೇಟ್ ಕೇಳಿತು, ಆ ಕೆಲಸ ಹೋಯಿತು.

ನಮಗೆ ಈ ಸುತ್ತುದಾರಿ ಬೇಕೇ ಇರಲಿಲ್ಲ! ‘ಗೊಹಾನ್ ಒ ತಬೆರು’ ಅಂದರೆ ‘ಅನ್ನವನ್ನು ತಿನ್ನು-’. ನಮ್ಮ ‘ಅನ್ನು’ ಕೂರುವ ಜಾಗದಲ್ಲೇ ಅವರ ‘ಒ’ ಕೂತಿದೆ. ‘ತಬೆತೆ ಮಿರು’ ಪದಕ್ಕೆ ಪದ ‘ತಿಂದು ನೋಡು’, ರುಚಿ ನೋಡುವ ಅರ್ಥವೂ ಅದೇ. ‘ಶಿತೆ ಒಕು’ ನಮ್ಮ ‘ಮಾಡಿಡು’. ‘ತಬೆತೆ ಶಿಮಾವು’ ಹೆಚ್ಚುಕಡಿಮೆ ‘ತಿಂದುಬಿಡು’. ಜಪಾನಿ ಕ್ರಿಯಾಪದದಲ್ಲಿ ನಾನು, ನೀನು, ಅವಳು ಎಂಬ ಗುರುತಿಲ್ಲದ್ದು ಕನ್ನಡಕ್ಕೆ ವಿಚಿತ್ರ, ಆದರೆ ಮಲಯಾಳದ ‘ತಿನ್ನುಂ’ ಕೂಡ ಹಾಗೇ ತಾನೆ? ಕಾಸರಗೋಡಿನವರಿಗೆ ಎರಡೂ ಕೈಯಲ್ಲಿದೆ. ಯಾವುದರ ಬಗ್ಗೆ ಮಾತು ಎಂದು ತೋರಿಸುವ ‘ವಾ’ಗೂ ಕರ್ತೃವನ್ನು ತೋರಿಸುವ ‘ಗಾ’ಗೂ ಇರುವ ವ್ಯತ್ಯಾಸಕ್ಕೆ ಮಾತ್ರ ಕನ್ನಡವನ್ನು ನಂಬಬೇಡಿ, ನಮ್ಮ ಪ್ರಥಮಾ ವಿಭಕ್ತಿಯಲ್ಲಿ ಅದಕ್ಕೆ ಜೋಡಿಯಿಲ್ಲ.

ಮೊದಲ ವರ್ಷದಿಂದಲೇ ದಿನಕ್ಕೆ 20 ನಿಮಿಷ ಆಡಿಯೋ ಹಾಕಿ, ಅದರ ಬೆನ್ನಿಗೇ ಬಾಯಿಬಿಟ್ಟು ಹೇಳುತ್ತಾ ಹೋಗಿ. ನಿಲ್ಲಿಸಬೇಡಿ, ಬರೆದುಕೊಳ್ಳಬೇಡಿ. ಅರ್ಥ ಬಂದ ಕ್ರಮದಲ್ಲೇ ಕನ್ನಡದಲ್ಲಿ ಇಳಿಯಲಿ.

ಇನ್ನು ನಿಮ್ಮ ಪ್ರಶ್ನೆ. ಏಷ್ಯನ್ ಸ್ಟಡೀಸ್ ಎಂಬ ಹೆಸರಿಗೆ ಯಾರೂ ಸಂಬಳ ಕೊಡುವುದಿಲ್ಲ, ಭಾಷೆಗೆ ಕೊಡುತ್ತಾರೆ. ಸೇರುವ ಮೊದಲು ಸಿಲೆಬಸ್ ತೆಗೆದು ಭಾಷೆಗೆ ವಾರಕ್ಕೆಷ್ಟು ಗಂಟೆ ಎಂದು ಎಣಿಸಿ. ಎರಡೋ ಮೂರೋ ಇದ್ದರೆ ಬಿಡಿ. ದೆಹಲಿಯ ಜೆಎನ್‌ಯುವಿನಲ್ಲಿರುವಂತೆ ಜಪಾನಿ, ಕೊರಿಯನ್, ಚೀನಿ ಭಾಷೆಯಲ್ಲೇ ಬಿಎ ಆನರ್ಸ್ ಹುಡುಕಿ. ಇತಿಹಾಸದ ಪೇಪರು ದಂಡ ಎನ್ನುತ್ತಿಲ್ಲ. ಚೀನಾದ ನೌಕಾಧಿಪತಿ ಝೆಂಗ್ ಹೆಯ ಹಡಗುಗಳ ಜೊತೆ 15ನೇ ಶತಮಾನದಲ್ಲಿ ಬಂದ ಅನುವಾದಕ ಮಾ ಹುವಾನ್, ಕಲ್ಲಿಕೋಟೆಯ ವ್ಯಾಪಾರಿಗಳು ಕೈಕೈ ಹಿಡಿದು ಬೆಲೆ ಗೊತ್ತುಮಾಡುವುದನ್ನು ಬರೆದಿಟ್ಟಿದ್ದಾನೆ. ನಮ್ಮ ಪಕ್ಕದ ಕರಾವಳಿಯ ಕಥೆ ಚೀನಿಯಲ್ಲಿದೆ, ಮೂಲದಲ್ಲೇ ಓದಲು ಮತ್ತೆ ಭಾಷೆಯೇ ಬೇಕು.

ಜಪಾನ್ ಸರ್ಕಾರದ ‘ನಿಕ್ಕೆನ್‌ಸೆ’ ವಿದ್ಯಾರ್ಥಿವೇತನವನ್ನೂ ನೋಡಿ, ಅಲ್ಲಿ ಸುಮಾರು ಒಂದು ವರ್ಷದ ಓದು. ಜಪಾನಿ ಭಾಷೆ ಅಥವಾ ಸಂಸ್ಕೃತಿಯನ್ನೇ ಮುಖ್ಯ ವಿಷಯವಾಗಿ ಓದುತ್ತಿರುವವರಿಗೆ ಮಾತ್ರ ಅದು. ಹೋಗುವಾಗಲೂ ಮರಳಿದ ಮೇಲೂ ನೀವು ಡಿಗ್ರಿ ವಿದ್ಯಾರ್ಥಿಯೇ ಆಗಿರಬೇಕು. ಕೊನೆಯ ವರ್ಷಕ್ಕೆ ಬಂದು ಹುಡುಕಿದರೆ ತಡವಾಯಿತು.